ರೈತ, ರೈಲು ಮತ್ತು ರೇಟ್ ಫಿಕ್ಸಿಂಗ್: ಅಮೆರಿಕದ ಆಂಟಿಟ್ರಸ್ಟ್ ಕೇಸುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಚಿಕನ್ ಕಂಪನಿಗಳ ಕೇಸು, ರೈಲ್ವೆ ಮರ್ಜರ್ ಅಂತ ಸುದ್ದಿ ಬಂದಾಗೆಲ್ಲ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತವೆ, ಹಂಗಾಗಿ ಉತ್ತರ ಎಲ್ಲ ಒಂದೇ ಕಡೆ ಹಾಕಿದೀನಿ. ಲಾ ಓದಿರ್ಬೇಕು ಅಂತೇನಿಲ್ಲ. ಎಪಿಎಂಸಿಲಿ ಒಂದ್ಸಲ ಮಾಲು ಮಾರಿದೋರಿಗೆ ಇದ್ರಲ್ಲಿ ಅರ್ಧ ಆಗ್ಲೇ ಗೊತ್ತಿರೋ ವಿಷ್ಯಾನೇ.

ಆಂಟಿಟ್ರಸ್ಟ್ ಕಾನೂನು ಏನ್ ಹೇಳುತ್ತೆ? ರೇಟ್ ಜಾಸ್ತಿ ಇಟ್ರೆ ಕೇಸ್ ಹಾಕ್ಬೋದಾ?

ಇಲ್ಲ. ಇದನ್ನ ಮೊದ್ಲೇ ತಲೇಲಿ ಕೂರಿಸ್ಕೊಳ್ಳಿ, ಇಲ್ಲಾಂದ್ರೆ ಮುಂದಿನದ್ಯಾವ್ದೂ ಅರ್ಥ ಆಗಲ್ಲ. ಆಂಟಿಟ್ರಸ್ಟ್ ಅಂದ್ರೆ ಕಂಪನಿಗಳು ಮಾರ್ಕೆಟ್‌ನಲ್ಲಿ ಪೈಪೋಟಿ ಸಾಯಿಸದ ಹಾಗೆ ತಡೆಯೋ ಕಾನೂನು, ಅಮೆರಿಕದಲ್ಲಿ ಅದರ ಮೂಲ 1890ರ ಶರ್ಮನ್ ಆಕ್ಟ್. ಒಂದು ಕಂಪನಿ ತಾನೊಬ್ಬನೇ ಕೂತು ಯೋಚನೆ ಮಾಡಿ ರೇಟ್ ಡಬಲ್ ಮಾಡಿದ್ರೂ ಸಾಮಾನ್ಯವಾಗಿ ಅದು ತಪ್ಪಲ್ಲ, ಆದ್ರೆ ಪೈಪೋಟಿಲಿ ಇರೋ ಎರಡು ಕಂಪನಿಗಳು ಮಾತಾಡ್ಕೊಂಡು ಹತ್ತು ಪೈಸೆ ಏರಿಸಿದ್ರೂ ಅಪರಾಧ, ಜೈಲಿಗೂ ಹೋಗ್ಬೇಕಾಗುತ್ತೆ. ಶಿಕ್ಷೆ ಇರೋದು ಒಳಒಪ್ಪಂದಕ್ಕೆ, ರೇಟಿಗಲ್ಲ. ರೈತರಿಗೆ ಬೀಳೋ ಏಟು ಎರಡ್ರಲ್ಲೂ ಒಂದೇ, ಕೋರ್ಟಿಗೆ ಮಾತ್ರ ಅವೆರಡೂ ಬೇರೆ ಬೇರೆ.

ವ್ಯವಸಾಯ ಮತ್ತೆ ರೈಲು ಎರಡನ್ನೂ ಯಾಕೆ ಒಟ್ಟಿಗೆ ಹೇಳ್ತೀರ?

ಯಾಕಂದ್ರೆ ಕಥೆ ಶುರು ಆಗಿದ್ದೇ ಒಟ್ಟಿಗೆ. ಗೋಧಿ, ಜೋಳ ಬೆಳೆಯೋದು ದೇಶದ ನಡುಮಧ್ಯ, ತಿನ್ನೋ ಜನ ಮತ್ತೆ ಬಂದರು ಇರೋದು ಸಾವಿರಾರು ಮೈಲಿ ಆಚೆ, ನಡುವೆ ಇರೋದು ರೈಲು ಮತ್ತೆ ಧಾನ್ಯದ ಎಲಿವೇಟರ್‌ಗಳು (ಎಲಿವೇಟರ್ ಅಂದ್ರೆ ಲಿಫ್ಟ್ ಅಲ್ಲ, ಧಾನ್ಯ ತುಂಬೋ ಎತ್ತರದ ಗೋದಾಮು). ಅಂದ್ರೆ ರೈತ ಬೆಳೆದಿದ್ದು ಹೊಟ್ಟೆಗೆ ಹೋಗ್ಬೇಕಾದ್ರೆ ಇವರಿಬ್ಬರ ಕೈ ದಾಟ್ಲೇಬೇಕು.

1870ರ ದಶಕದಲ್ಲಿ ಚಿಕಾಗೋದಲ್ಲಿ 14 ಗೋದಾಮು ಇದ್ವು, ಒಂಬತ್ತು ಫರ್ಮ್‌ಗಳ ಕೈಲಿ. ಆ ವರ್ಷದ ಬಾಡಿಗೆ ಎಷ್ಟು ಅಂತ ಅವರೇ ಮಾತಾಡ್ಕೊಂಡು ತೀರ್ಮಾನ ಮಾಡಿ ಜನವರಿಲಿ ಪೇಪರ್‌ನಲ್ಲೇ ಹಾಕಿಸ್ತಾ ಇದ್ರು! ಮುಚ್ಚುಮರೆ ಏನೂ ಇಲ್ಲ. ಇಲಿನಾಯ್ ರಾಜ್ಯ ಬಾಡಿಗೆಗೆ ಮಿತಿ ಹಾಕ್ತು, ಗೋದಾಮಿನೋರು ಸುಪ್ರೀಂ ಕೋರ್ಟ್ ತನಕ ಹೋದ್ರು, 1877ರಲ್ಲಿ ಮನ್ ವರ್ಸಸ್ ಇಲಿನಾಯ್ ಕೇಸಲ್ಲಿ ಕೋರ್ಟು ಸರ್ಕಾರ ಮಾಡಿದ್ದು ಸರಿ ಅಂತು. ಅದರ ಹಿಂದೆ ಇದ್ದಿದ್ದು ಗ್ರೇಂಜರ್ ಅನ್ನೋ ರೈತ ಚಳವಳಿ. 1887ರಲ್ಲಿ ರೈಲು ದರ ನೋಡ್ಕೊಳ್ಳೋಕೆ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಬಂತು, 1897ರಲ್ಲಿ 18 ರೈಲು ಕಂಪನಿಗಳು ಸಂಘ ಕಟ್ಕೊಂಡು ದರ ನಿಗದಿ ಮಾಡೋದು ಶರ್ಮನ್ ಆಕ್ಟ್ ಪ್ರಕಾರ ತಪ್ಪು ಅಂತ ತೀರ್ಪು ಬಂತು.

ನಂಗೆ ಇವತ್ತಿಗೂ ಸಂಕಟ ಆಗೋದು 1904ರ ನಾರ್ದರ್ನ್ ಸೆಕ್ಯುರಿಟೀಸ್ ಕೇಸ್ ನೆನೆದ್ರೆ. ಬ್ಯಾಂಕರ್ ಜೆ.ಪಿ. ಮಾರ್ಗನ್, ರೈಲು ಉದ್ಯಮಿ ಜೇಮ್ಸ್ ಹಿಲ್ ಸೇರ್ಕೊಂಡು ಗ್ರೇಟ್ ನಾರ್ದರ್ನ್, ನಾರ್ದರ್ನ್ ಪೆಸಿಫಿಕ್, ಬರ್ಲಿಂಗ್ಟನ್ ಅನ್ನೋ ಮೂರು ರೈಲು ಕಂಪನಿಗಳನ್ನೂ ಒಂದೇ ಕಂಪನಿ ಅಡಿಗೆ ತಂದಿದ್ರು, ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಸರ್ಕಾರ ಕೇಸ್ ಹಾಕಿ ಒಡೀತು. ಅದೇ ಮೂರು ಕಂಪನಿಗಳು 1970ರಲ್ಲಿ ಸರ್ಕಾರದ ಒಪ್ಪಿಗೆ ತಗೊಂಡೇ ಸೇರ್ಕೊಂಡ್ವು. ಈಗಿನ ಬಿಎನ್‌ಎಸ್‌ಎಫ್ ಅನ್ನೋ ದೊಡ್ಡ ರೈಲು ಕಂಪನಿ ಬೆಳೆದಿದ್ದು ಅಲ್ಲಿಂದ. ಒಡೆಯೋಕೆ ಅಷ್ಟು ಕಷ್ಟಪಟ್ಟಿದ್ದು, 66 ವರ್ಷಕ್ಕೆ ವಾಪಸ್ ಒಂದಾಯ್ತು.

ಲೈಸಿನ್ ಕೇಸ್ ಅಂತಾರಲ್ಲ, ಏನದು?

ವ್ಯವಸಾಯದ ಕಡೆಯಿಂದ ಒಂದೇ ಒಂದು ಕೇಸ್ ತಿಳ್ಕೋಬೇಕು ಅಂದ್ರೆ ಇದನ್ನೇ ತಿಳ್ಕೊಳ್ಳಿ. ಲೈಸಿನ್ ಅಂದ್ರೆ ಹಂದಿ, ಕೋಳಿ ಫೀಡ್‌ಗೆ ಬೆರೆಸೋ ಅಮೈನೋ ಆಸಿಡ್, ಮರಿಗಳು ಬೇಗ ಬೆಳೀಲಿ ಅಂತ. ಮೊದ್ಲು ಜಪಾನ್ ಮತ್ತೆ ಕೊರಿಯಾ ಕಂಪನಿಗಳೇ ಮಾರ್ತಾ ಇದ್ವು, ಮುಖ್ಯವಾಗಿ ಅಜಿನೊಮೊಟೊ, ಕ್ಯೋವಾ ಹಕ್ಕೊ, ಸೆವೊನ್. 1991ರಲ್ಲಿ ಇಲಿನಾಯ್‌ನ ಡಿಕೇಟರ್ ಊರಿನ ಆರ್ಚರ್ ಡೇನಿಯಲ್ಸ್ ಮಿಡ್ಲೆಂಡ್ (ಎಡಿಎಂ) ಭಾರೀ ಪ್ಲಾಂಟ್ ಹಾಕಿ ಮಾರ್ಕೆಟ್ಟಿಗೆ ನುಗ್ತು, ರೇಟ್ ದಬದಬ ಬಿತ್ತು. ಫೀಡ್ ಕೊಳ್ಳೋರಿಗೆ ಒಳ್ಳೇ ಕಾಲ. ಆದ್ರೆ ಮುಂದಿನ ವರ್ಷವೇ ಇವರೆಲ್ಲ ಮೆಕ್ಸಿಕೋ ಸಿಟಿಲಿ ಒಟ್ಟಿಗೆ ಕೂತ್ರು, ಆಮೇಲೆ ಪ್ಯಾರಿಸ್, ಹವಾಯಿ, ಅಟ್ಲಾಂಟಾ ಅಂತ ಹೋದ ಹೋದ ಕಡೆ ಮೀಟಿಂಗ್ ಮಾಡಿ ಯಾರು ಎಷ್ಟು ಟನ್ ಮಾರ್ಬೇಕು, ಯಾವ ದೇಶದಲ್ಲಿ ಏನು ರೇಟ್ ಅಂತ ಹಂಚ್ಕೊಂಡ್ರು. ಯಾರಿಗೂ ಡೌಟ್ ಬರದ ಹಾಗೆ ವ್ಯಾಪಾರಿ ಸಂಘದ ಮೀಟಿಂಗ್ ಅಂತ ಸುಳ್ಳು ಅಜೆಂಡಾ ಬೇರೆ.

ಎಡಿಎಂ ಒಳಗೇ ಇದ್ದ ಮಾರ್ಕ್ ವಿಟೇಕರ್ ಅನ್ನೋ ಅಧಿಕಾರಿ 1992ರ ಕೊನೆಯಿಂದ ಎಫ್‌ಬಿಐಗೆ ಗುಟ್ಟಾಗಿ ರೆಕಾರ್ಡ್ ಮಾಡ್ಕೊಡೋಕೆ ಶುರು ಮಾಡಿದ್ರು, 1995ರ ಜೂನ್‌ನಲ್ಲಿ ರೇಡ್ ಆಗೋ ತನಕ ಆಡಿಯೋ, ವಿಡಿಯೋ ಟೇಪ್ ರಾಶಿ ಬಿತ್ತು. ಸ್ಪರ್ಧಿಗಳು ನಮ್ಮ ಗೆಳೆಯರು, ಗಿರಾಕಿಗಳೇ ನಮ್ಮ ಶತ್ರು ಅನ್ನೋ ಅರ್ಥದ ಮಾತು ಕಂಪನಿಯ ದೊಡ್ಡವರ ಬಾಯಿಂದಾನೇ ಆ ಟೇಪಲ್ಲಿದೆ. ಗಿರಾಕಿ ಅಂದ್ರೆ ಯಾರು? ಫೀಡ್ ಮಿಲ್‌ನೋರು, ಅವರ ಹಿಂದೆ ಹಂದಿ ಕೋಳಿ ಸಾಕೋ ರೈತರು.

1996ರಲ್ಲಿ ಎಡಿಎಂ ತಪ್ಪು ಒಪ್ಕೊಂಡು 10 ಕೋಟಿ ಡಾಲರ್ ದಂಡ ಕಟ್ತು, ಅದ್ರಲ್ಲಿ 7 ಕೋಟಿ ಲೈಸಿನ್‌ಗೆ, 3 ಕೋಟಿ ಸಿಟ್ರಿಕ್ ಆಸಿಡ್‌ನಲ್ಲೂ ಇದೇ ಥರ ಮಾಡಿದ್ದಕ್ಕೆ. ಅಲ್ಲಿವರೆಗೆ ಅಮೆರಿಕದಲ್ಲಿ ಯಾವ ಆಂಟಿಟ್ರಸ್ಟ್ ಕೇಸಲ್ಲೂ ಅಷ್ಟು ದಂಡ ಬಿದ್ದಿರ್ಲಿಲ್ಲ. 1998ರಲ್ಲಿ ಎಡಿಎಂನ ದೊಡ್ಡ ಅಧಿಕಾರಿಗಳಾದ ಮೈಕಲ್ ಆಂಡ್ರಿಯಾಸ್, ಟೆರೆನ್ಸ್ ವಿಲ್ಸನ್ ಅಪರಾಧಿಗಳು ಅಂತ ತೀರ್ಮಾನ ಆಗಿ ಜೈಲಿಗೆ ಹೋದ್ರು. ವಿಟೇಕರ್ ಕೂಡ ಜೈಲಿಗೆ ಹೋದ್ರು, ಯಾಕಂದ್ರೆ ಅದೇ ಟೈಮಲ್ಲಿ ಕಂಪನಿಯಿಂದ 90 ಲಕ್ಷ ಡಾಲರ್ ಹೊಡೆದಿದ್ದು ಹೊರಗೆ ಬಂತು, ಎಂಟು ವರ್ಷದ ಮೇಲೆ ಒಳಗಿದ್ರು. ಆತ ಎಷ್ಟೇ ತಪ್ಪು ಮಾಡಿರ್ಲಿ, ಆ ಟೇಪ್ ಇಲ್ದೇ ಇದ್ರೆ ಈ ಕೇಸ್ ನಿಲ್ತಾನೇ ಇರ್ಲಿಲ್ಲ, ಅದನ್ನ ಮರೀಬಾರ್ದು.

ಎಲ್ಲ ಕಂಪನಿಗಳೂ ಒಂದೇ ವಾರ ಒಂದೇ ರೇಟ್ ಏರಿಸಿದ್ರೆ ಅದೇ ಸಾಕ್ಷಿ ಅಲ್ವಾ?

ಅಲ್ಲ, ಅಷ್ಟೇ ಸಾಕಾಗಲ್ಲ. ಪಕ್ಕದ ಪೆಟ್ರೋಲ್ ಬಂಕ್ ರೇಟ್ ನೋಡಿ ತಾನೂ ಏರಿಸ್ದೆ ಅಂದ್ರೆ ಕಾನೂನು ಒಪ್ಪುತ್ತೆ. ಒಬ್ಬರನ್ನೊಬ್ಬರು ನೋಡ್ಕೊಂಡು ನಡೆಯೋದು ಬೇರೆ, ಮಾತಾಡ್ಕೊಂಡು ನಡೆಯೋದು ಬೇರೆ. ಮೀಟಿಂಗ್, ಫೋನ್, ಇಮೇಲ್, ಇಲ್ಲಾ ಒಪ್ಪಂದ ಇಲ್ದೇ ಇದ್ರೆ ಯಾವನೂ ಮಾಡದಂಥ ನಷ್ಟದ ನಡೆ, ಇಂಥದ್ದೇನಾದ್ರೂ ತೋರಿಸ್ಬೇಕು. ಮಾರ್ಕೆಟ್‌ನಲ್ಲಿ ನಾಲ್ಕೇ ಜನ ಉಳಿದ್ರೆ ಮಾತೇ ಆಡದೇ ರೇಟ್ ಹೊಂದಿಸ್ಕೋಬೋದು, ಹಂಗಾಗಿ ಮರ್ಜರ್‌ಗಳನ್ನ ಮೊದ್ಲೇ ತಡೀಬೇಕು ಅಂತ ನಾನು ವಾದ ಮಾಡೋದು.

ರೈಲ್ವೆ ಫ್ಯುಯೆಲ್ ಸರ್‌ಚಾರ್ಜ್ ಕೇಸ್ ಏನು? ಅಷ್ಟು ವರ್ಷ ಯಾಕೆ ಎಳೀತು?

ಹಿನ್ನೆಲೆ ಇಷ್ಟು. 1970ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ದಿವಾಳಿ ಸ್ಥಿತಿಲಿ ಇದ್ವು (ಇದು ನಿಜ, ರೈಲ್ವೆಯೋರ ಪರ ಇರೋ ಈ ಪಾಯಿಂಟ್ ಮರೆಮಾಚೋದು ನ್ಯಾಯ ಅಲ್ಲ), 1980ರಲ್ಲಿ ಸ್ಟ್ಯಾಗರ್ಸ್ ಆಕ್ಟ್ ಬಂದು ದರದ ಮೇಲಿನ ಹಿಡಿತ ಸಡಿಲ ಆಯ್ತು, ಗಿರಾಕಿಗಳ ಜೊತೆ ಗುಟ್ಟಾಗಿ ಕಾಂಟ್ರ್ಯಾಕ್ಟ್ ಮಾಡ್ಕೊಳ್ಳೋಕೆ ಬಿಟ್ರು. ಆಗ ನಲವತ್ತರ ಹತ್ತಿರ ಇದ್ದ ದೊಡ್ಡ ಕಂಪನಿಗಳು ಮರ್ಜ್ ಆಗ್ತಾ ಆಗ್ತಾ 2000ದ ಹೊತ್ತಿಗೆ ಪಶ್ಚಿಮಕ್ಕೆ ಬಿಎನ್‌ಎಸ್‌ಎಫ್ ಮತ್ತೆ ಯೂನಿಯನ್ ಪೆಸಿಫಿಕ್, ಪೂರ್ವಕ್ಕೆ ಸಿಎಸ್‌ಎಕ್ಸ್ ಮತ್ತೆ ನಾರ್ಫೋಕ್ ಸದರ್ನ್, ಈ ನಾಲ್ಕರ ಕೈಗೇ ಹೆಚ್ಚುಕಮ್ಮಿ ಎಲ್ಲ ಹೋಯ್ತು.

2003ರಿಂದ ಡೀಸೆಲ್ ರೇಟ್ ಏರ್ತಾ ಇದೆ ಅಂತ ನಾಲ್ಕೂ ಕಂಪನಿಗಳು ಬಾಡಿಗೆ ಮೇಲೆ ಸರ್‌ಚಾರ್ಜ್ (ಇಂಧನಕ್ಕೆ ಅಂತ ಹೆಚ್ಚುವರಿ ಶುಲ್ಕ) ಹಾಕೋಕೆ ಶುರು ಮಾಡಿದ್ವು. ಎಷ್ಟು ಡೀಸೆಲ್ ಸುಟ್ಟಿದೆ ಅಂತ ಲೆಕ್ಕ ಹಾಕಿ ತಗೊಂಡಿದ್ರೆ ಯಾರೂ ಕೇಳ್ತಿರ್ಲಿಲ್ಲ. ಇವರು ಹಾಕಿದ್ದು ಮೂಲ ಬಾಡಿಗೆ ಮೇಲೆ ಇಷ್ಟು ಪರ್ಸೆಂಟ್ ಅಂತ, ಅಂದ್ರೆ ಒಂದೇ ದೂರ, ಒಂದೇ ತೂಕ ಇದ್ರೂ ಯಾರು ಜಾಸ್ತಿ ಬಾಡಿಗೆ ಕಟ್ತಿದ್ರೋ ಅವರಿಗೆ ಸರ್‌ಚಾರ್ಜೂ ಜಾಸ್ತಿ. ರೈಲು ದರಗಳನ್ನ ನೋಡ್ಕೊಳ್ಳೋ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡು (ಎಸ್‌ಟಿಬಿ) 2007ರ ಜನವರಿಲಿ ಈ ಥರ ಪರ್ಸೆಂಟ್ ಲೆಕ್ಕ ನ್ಯಾಯ ಅಲ್ಲ ಅಂತ ಹೇಳ್ತು, ಆದ್ರೆ ಆ ಮಾತು ಬೋರ್ಡ್ ಹಿಡಿತದಲ್ಲಿರೋ ಸಾಗಣೆಗೆ ಮಾತ್ರ, ಕಾಂಟ್ರ್ಯಾಕ್ಟ್ ಮೇಲೆ ಹೋಗೋ ಮಾಲಿಗೆ ಅನ್ವಯ ಇಲ್ಲ.

ಅದೇ ವರ್ಷ ಕೇಸ್‌ಗಳು ಬಿದ್ವು. ಆರೋಪ ಏನಂದ್ರೆ, ರೈಲು ಕಂಪನಿಗಳ ಸಂಘ, ರೈಲು ಓಡಿಸೋ ಖರ್ಚು ಎಷ್ಟು ಏರಿದೆ ಅಂತ ತೋರಿಸೋ ಸೂಚ್ಯಂಕದಿಂದ ಇಂಧನ ತೆಗೆದು ಹೊಸ ಸೂಚ್ಯಂಕ ಮಾಡ್ತು, ಆಮೇಲೆ ಪಶ್ಚಿಮದ ಎರಡೂ ಒಂದೇ ಫಾರ್ಮುಲಾ, ಪೂರ್ವದ ಎರಡೂ ಒಂದೇ ಫಾರ್ಮುಲಾ ಹಿಡಿದ್ವು, ಇದು ಒಪ್ಪಂದ ಇಲ್ದೇ ಸಾಧ್ಯ ಇಲ್ಲ ಅಂತ. ಕಂಪನಿಗಳ ವಾದ, ಡೀಸೆಲ್ ಎಲ್ರಿಗೂ ಏರ್ತು, ನಾವು ನಮ್ಮ ನಮ್ಮ ಪಾಡಿಗೆ ಮಾಡ್ಕೊಂಡ್ವಿ ಅಂತ.

ಜಗ್ಗಾಟ ಆಗಿದ್ದು ಕ್ಲಾಸ್ ಆಕ್ಷನ್ (ನಷ್ಟ ಆದೋರೆಲ್ಲ ಸೇರಿ ಒಂದೇ ಕೇಸ್ ನಡೆಸೋದು) ಮೇಲೆ. 16,000ದಷ್ಟು ಗಿರಾಕಿಗಳು ಒಟ್ಟಿಗೆ ಕೇಸ್ ನಡೆಸ್ಬೋದು ಅಂತ 2012ರಲ್ಲಿ ಜಡ್ಜ್ ಒಪ್ಪಿದ್ರು, 2013ರಲ್ಲಿ ಮೇಲಿನ ಕೋರ್ಟು ಅದನ್ನ ರದ್ದು ಮಾಡ್ತು, ಯಾಕಂದ್ರೆ ಗಿರಾಕಿಗಳ ಕಡೆ ಎಕ್ಸ್‌ಪರ್ಟ್ ಮಾಡಿದ ಲೆಕ್ಕ, ಒಳಸಂಚಿಗೂ ಮೊದ್ಲೇ ರೇಟ್ ಫಿಕ್ಸ್ ಆಗಿದ್ದ ಹಳೇ ಕಾಂಟ್ರ್ಯಾಕ್ಟ್‌ನೋರಿಗೂ ನಷ್ಟ ಆಗಿದೆ ಅಂತ ತೋರಿಸ್ತಿತ್ತು. 2017ರಲ್ಲಿ ಮತ್ತೆ ನೋಡಿದಾಗ 12.7% ಜನಕ್ಕೆ ನಷ್ಟವೇ ಕಾಣಿಸ್ತಿಲ್ಲ, ಅವರನ್ನ ಬೇರೆ ಮಾಡೋಕೆ ದಾರಿ ಇಲ್ಲ ಅಂತ ಕ್ಲಾಸ್ ತಳ್ಳಿಹಾಕಿದ್ರು, 2019ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡೀತು. ಆಮೇಲೆ ದೊಡ್ಡ ದೊಡ್ಡ ಗಿರಾಕಿಗಳು ತಮ್ತಮ್ಮ ಲಾಯರ್ ಇಟ್ಕೊಂಡು ಬೇರೆ ಬೇರೆ ಕೇಸ್ ಹಾಕಿದ್ರು. ವರ್ಷಕ್ಕೆ ನಾಲ್ಕು ವ್ಯಾಗನ್ ಕಳಿಸೋ ಸಣ್ಣ ವ್ಯಾಪಾರಿ ಎಲ್ಲಿಂದ ಹಾಕ್ತಾನೆ? 12 ವರ್ಷ ಕಾದು ಅವನ ಪಾಲಿಗೆ ಬಾಗಿಲು ಮುಚ್ಚಿದ್ದು ನಂಗೆ ಅನ್ಯಾಯ ಅಂತಾನೇ ಅನ್ಸುತ್ತೆ.

ರೈಲು ಕಂಪನಿಗಳು ಒಬ್ಬರಿಗೊಬ್ಬರು ಮಾತಾಡಿದ್ದಕ್ಕೆ ಇಮೇಲ್ ಇದ್ರೆ ಸಾಕಲ್ವಾ?

ಇಲ್ಲೊಂದು ತೊಡಕಿದೆ. ಒಂದು ಕಂಪನಿ ಹಳಿ ಮೇಲೆ ಶುರುವಾದ ಮಾಲು ಇನ್ನೊಂದು ಕಂಪನಿ ಹಳಿ ಮೇಲೆ ಮುಗಿಯುತ್ತೆ, ಅಂಥ ಸಾಗಣೆಗೆ ಇಬ್ರೂ ಕೂತು ದರ ಮಾತಾಡ್ಲೇಬೇಕು, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ, ಆ ಮಾತುಕತೆಯನ್ನ ಸಂಚಿನ ಸಾಕ್ಷಿ ಅಂತ ಬಳಸ್ಬಾರ್ದು ಅಂತಾನೂ ಇದೆ. ಯಾವ ಇಮೇಲ್ ಇದರೊಳಗೆ ಬರುತ್ತೆ ಅಂತಾನೇ ಕಿತ್ತಾಡಿ 2022ರಲ್ಲಿ ಮೇಲಿನ ಕೋರ್ಟಿಂದ ಬೇರೆ ತೀರ್ಪು ತರ್ಬೇಕಾಯ್ತು.

ಊರಿಗೆ ಒಂದೇ ರೈಲು ಕಂಪನಿ ಇದ್ರೆ? ಅಲ್ಲಿ ಯಾರ ಜೊತೆ ಮಾತಾಡ್ಕೊಳ್ಳೋ ಅಗತ್ಯಾನೇ ಇಲ್ವಲ್ಲ?

ಅದೇ ದೊಡ್ಡ ತೂತು. ಮೊಂಟಾನಾ ರಾಜ್ಯದ ಗೋಧಿ ಬೆಳೆಗಾರರನ್ನ ತಗೊಳ್ಳಿ, ಬಹುಪಾಲು ಎಲಿವೇಟರ್‌ಗಳಿಗೆ ಇರೋದು ಬಿಎನ್‌ಎಸ್‌ಎಫ್ ಒಂದೇ. ಗೋಧಿ ಹೋಗ್ಬೇಕಾಗಿರೋದು ಪೆಸಿಫಿಕ್ ಕಡಲತೀರದ ಬಂದರಿಗೆ. ಮಿಸಿಸಿಪ್ಪಿ ಪಕ್ಕದೋರಿಗೆ ದೋಣಿ ಆದ್ರೂ ಇದೆ, ಇವರಿಗೆ ಅದೂ ಇಲ್ಲ, ಅಷ್ಟು ದೂರ ಲಾರಿಲಿ ಕಳಿಸಿದ್ರೆ ಗಿಟ್ಟಲ್ಲ. ಬಾಡಿಗೆ ಏರಿದ್ರೆ ಎಲಿವೇಟರ್‌ನೋರು ಅದನ್ನ ಗೋಧಿ ರೇಟಲ್ಲಿ ಮುರ್ಕೊಂಡು ರೈತನಿಗೆ ಕೊಡ್ತಾರೆ, ಅಂದ್ರೆ ರೈಲು ಬಿಲ್ ರೈತನ ಹೆಸರಿಗೆ ಬರಲ್ಲ, ಹೊರೆ ಮಾತ್ರ ಅವನ ತಲೆ ಮೇಲೆ. ಬಿತ್ತನೆ, ಗೊಬ್ಬರ, ಫೀಡ್ ಮಾರೋರು ಒಂದು ಕಡೆ, ಕೊಳ್ಳೋರು ಸಾಗಿಸೋರು ಇನ್ನೊಂದು ಕಡೆ, ಎರಡೂ ಕಡೆ ಬೆರಳೆಣಿಕೆ ಕಂಪನಿಗಳು, ನಡುವೆ ರೈತ ಅಡಕತ್ತರಿಗೆ ಸಿಕ್ಕ ಅಡಿಕೆ.

ಇದು ಸಂಚಲ್ಲ, ಹಂಗಾಗಿ ಆಂಟಿಟ್ರಸ್ಟ್ ಕೋರ್ಟಿಗೆ ಹೋಗೋಕಾಗಲ್ಲ, ಎಸ್‌ಟಿಬಿಗೇ ಹೋಗ್ಬೇಕು. ಅಲ್ಲಿ ಮೊದ್ಲು ಬಾಡಿಗೆ ಬದಲಾಗೋ ಖರ್ಚಿನ (ಸಾಗಣೆ ಹೆಚ್ಚಾದಂಗೆ ಏರೋ ಡೀಸೆಲ್, ಕೂಲಿ ಥರದ್ದು) 180% ದಾಟಿದೆ, ರೈಲು ಬಿಟ್ರೆ ಬೇರೆ ದಾರಿ ಇಲ್ಲ ಅಂತ ತೋರಿಸ್ಬೇಕು. ಆಮೇಲೆ ದೊಡ್ಡ ಕೇಸಾದ್ರೆ, ಇದೇ ಮಾರ್ಗಕ್ಕೆ ಹೊಸದಾಗಿ ಒಂದು ರೈಲು ಕಂಪನಿ ಕಟ್ಟಿದ್ರೆ ಎಷ್ಟು ಖರ್ಚಾಗುತ್ತೆ ಅಂತ ಕಾಗದದ ಮೇಲೆ ಹಳಿ, ಸೇತುವೆ, ಸಿಗ್ನಲ್ ಎಲ್ಲ ಹಾಕಿ ಲೆಕ್ಕ ಒಪ್ಪಿಸ್ಬೇಕು. ಲಕ್ಷಾಂತರ ಡಾಲರ್ ಸುರಿಯೋ ಕೆಲಸ ಇದು. ಮೊಂಟಾನಾ ರೈತರು ಮೆಕಾರ್ಟಿ ಫಾರ್ಮ್ಸ್ ಅನ್ನೋ ಹೆಸರಲ್ಲಿ 1980ರಲ್ಲಿ ಶುರು ಮಾಡಿದ ಕೇಸ್ 1990ರ ದಶಕದ ಕೊನೆ ತನಕ ನಡೀತು, ಕೊನೆಗೆ ರೈತರು ಸೋತ್ರು.

ಚಿಕನ್ ಕೇಸಲ್ಲಿ ಏನಾಯ್ತು?

2016ರಲ್ಲಿ ಚಿಕಾಗೋ ಕೋರ್ಟಲ್ಲಿ ಶುರು. ಆರೋಪ: 2008ರಿಂದ ದೊಡ್ಡ ಕಂಪನಿಗಳು ಮೊಟ್ಟೆಯಿಡೋ ತಾಯಿಕೋಳಿಗಳನ್ನೇ ಕಡಿಮೆ ಮಾಡಿ ಮಾಲು ಕಮ್ಮಿ ಆಗೋ ಹಾಗೆ ನೋಡ್ಕೊಂಡ್ವು. ನಡುವೆ ಇದ್ದಿದ್ದು ಇಂಡಿಯಾನಾದ ಆಗ್ರಿ ಸ್ಟ್ಯಾಟ್ಸ್ ಅನ್ನೋ ಕಂಪನಿ, ಎಲ್ರಿಂದಾನೂ ಖರ್ಚು, ಉತ್ಪಾದನೆ, ರೇಟ್ ಡೇಟಾ ತಗೊಂಡು ಹೆಸರು ತೆಗೆದು ಎಲ್ರಿಗೂ ರಿಪೋರ್ಟ್ ಕೊಡುತ್ತೆ. ಹೆಸರಿಲ್ದೇ ಇದ್ರೂ ಯಾವ್ದು ಯಾರ ಪ್ಲಾಂಟ್ ಅಂತ ಒಳಗಿನೋರಿಗೆ ಗೊತ್ತಾಗುತ್ತೆ ಅಂತ ಆರೋಪ, 2023ರಲ್ಲಿ ನ್ಯಾಯ ಇಲಾಖೆ ಆಗ್ರಿ ಸ್ಟ್ಯಾಟ್ಸ್ ಮೇಲೇ ನೇರ ಕೇಸ್ ಹಾಕ್ತು.

ದೊಡ್ಡ ಚಿಕನ್ ಕಂಪನಿಗಳಲ್ಲಿ ಒಂದಾದ ಪಿಲ್ಗ್ರಿಮ್ಸ್ ಪ್ರೈಡ್ 2021ರಲ್ಲಿ ತಪ್ಪು ಒಪ್ಕೊಂಡು 10.79 ಕೋಟಿ ಡಾಲರ್ ದಂಡ ಕಟ್ತು. ಇನ್ನೊಂದು ಕಂಪನಿ ಟೈಸನ್ 22.15 ಕೋಟಿ ಡಾಲರ್ ಕೊಟ್ಟು ಗಿರಾಕಿಗಳ ಜೊತೆ ಸೆಟಲ್ ಮಾಡ್ಕೊಳ್ತು. ಆದ್ರೆ ಅಧಿಕಾರಿಗಳ ಮೇಲಿನ ಕ್ರಿಮಿನಲ್ ಕೇಸಲ್ಲಿ ಡೆನ್ವರ್ ಊರಿನ ಜ್ಯೂರಿ (ತೀರ್ಪು ಕೊಡೋಕೆ ಆರಿಸಿದ ಸಾಮಾನ್ಯ ಜನರ ತಂಡ) ಎರಡು ಸಲ ಒಮ್ಮತಕ್ಕೆ ಬರ್ಲಿಲ್ಲ, ಮೂರನೇ ಸಲ 2022ರಲ್ಲಿ ಉಳಿದಿದ್ದ ಐದೂ ಜನಾನ ಬಿಟ್ಬಿಡ್ತು. ಲೈಸಿನ್ ಥರ ರೂಮೊಳಗಿನ ಟೇಪ್ ಇಲ್ಲಿ ಇರ್ಲಿಲ್ಲ, ಮೆಸೇಜು, ಫೋನ್ ಕಾಲ್ ಲಿಸ್ಟು ಇತ್ತು, ಜ್ಯೂರಿಗೆ ಅದು ಸಾಲ್ಲಿಲ್ಲ. ನನ್ನ ಪ್ರಕಾರ ಮುಂದಿನ ಜಗಳ ಎಲ್ಲ ಡೇಟಾ ಹಂಚ್ಕೊಳ್ಳೋದ್ರ ಮೇಲೇನೇ, ಯಾಕಂದ್ರೆ ಹೋಟೆಲ್ ರೂಮಲ್ಲಿ ಕೂತು ಮಾತಾಡೋ ಅವಶ್ಯಕತೇನೇ ಈಗಿಲ್ಲ.

ಬೀಫ್?

ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್, ಈ ನಾಲ್ಕು ಕಂಪನಿಗಳ ಕೈಲಿ ಕೊಬ್ಬಿಸಿದ ದನಗಳ ಮಾರ್ಕೆಟ್‌ನ ಸುಮಾರು 85% ಇದೆ, 1977ರಲ್ಲಿ ಮೊದಲ ನಾಲ್ಕರದ್ದು ಸೇರಿ 25% ಇತ್ತು. ರಾಂಚರ್‌ಗಳ (ದನ ಸಾಕೋರ) ದೂರು ಉಲ್ಟಾ ದಿಕ್ಕಿಂದು: ಮಾರೋ ರೇಟ್ ಏರಿಸಿದ್ದಲ್ಲ, ನಮ್ಮಿಂದ ಕೊಳ್ಳೋ ರೇಟ್ ಒಟ್ಟಾಗಿ ಇಳಿಸಿದ್ರು ಅಂತ. ಅದೂ ಕಾನೂನು ಪ್ರಕಾರ ಅಷ್ಟೇ ತಪ್ಪು. ಹಳೇ ಮಾಂಸದ ಕಂಪನಿಗಳ ಕಾಟಕ್ಕೇ 1921ರಲ್ಲಿ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಆಕ್ಟ್ ಬಂದಿತ್ತು.

ರೈತರೇ ಸೇರ್ಕೊಂಡು ರೇಟ್ ನಿಗದಿ ಮಾಡಿದ್ರೆ?

1922ರ ಕ್ಯಾಪರ್ ವೋಲ್‌ಸ್ಟೆಡ್ ಆಕ್ಟ್ ಪ್ರಕಾರ ರೈತರು ಸಹಕಾರಿ ಸಂಘ ಕಟ್ಕೊಂಡು ಒಟ್ಟಿಗೆ ಮಾರ್ಬೋದು, ರೇಟನ್ನೂ ಒಟ್ಟಿಗೆ ಇಡ್ಬೋದು. ಅದು ಸರಿ ಅಂತಾನೇ ನನ್ನ ಅಭಿಪ್ರಾಯ, ಸಾವಿರ ಜನ ಚದುರಿ ನಾಲ್ಕು ಜನಕ್ಕೆ ಮಾರೋವಾಗ ಒಟ್ಟಾಗದೇ ಇದ್ರೆ ಉಳಿಗಾಲ ಇಲ್ಲ. ಆದ್ರೆ ಸಂಘದಲ್ಲಿ ಇರೋರೆಲ್ಲ ರೈತರೇ ಆಗಿರ್ಬೇಕು ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಬ್ರಾಯ್ಲರ್ ಕೋಳಿ ಸಂಘದ ಕೇಸಲ್ಲಿ ಹೇಳಿದೆ, ದೊಡ್ಡ ಕಂಪನಿಗಳು ರೈತರ ಟೋಪಿ ಹಾಕ್ಕೊಂಡು ಬಂದ್ರೆ ನಡೆಯಲ್ಲ.

ದಂಡದ ದುಡ್ಡು ರೈತನಿಗೆ ಸಿಗುತ್ತಾ?

ದಂಡ ಸರ್ಕಾರಕ್ಕೆ. ನಷ್ಟ ಆದೋರು ಬೇರೆ ಸಿವಿಲ್ ಕೇಸ್ ಹಾಕಿ ಗೆದ್ರೆ ನಷ್ಟದ ಮೂರು ಪಟ್ಟು ಸಿಗುತ್ತೆ, ಅದಕ್ಕೇ ಕಂಪನಿಗಳು ತಪ್ಪು ಒಪ್ದೇನೇ ದುಡ್ಡು ಕೊಟ್ಟು ಸೆಟಲ್ ಮಾಡ್ಕೊಳ್ಳೋದು. ಆದ್ರೆ 1977ರ ಇಲಿನಾಯ್ ಬ್ರಿಕ್ ತೀರ್ಪಿನ ಪ್ರಕಾರ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಡಿ ಪರಿಹಾರ ಕೇಳ್ಬೋದಾಗಿರೋದು ನೇರವಾಗಿ ಕೊಂಡೋರು ಮಾತ್ರ. ಲೈಸಿನ್ ಕೊಂಡಿದ್ದು ಫೀಡ್ ಮಿಲ್, ಆ ಫೀಡ್ ಕೊಂಡಿದ್ದು ರೈತ, ಹಂಗಾಗಿ ಫೆಡರಲ್ ಲೆಕ್ಕದಲ್ಲಿ ರೈತ ಆಚೆ. ಕೆಲವು ರಾಜ್ಯಗಳ ಕಾನೂನು ಅಂಥೋರಿಗೂ ಅವಕಾಶ ಕೊಡುತ್ತೆ, ಎಲ್ಲ ಕಡೆ ಇಲ್ಲ.

ಈಗ ಯೂನಿಯನ್ ಪೆಸಿಫಿಕ್, ನಾರ್ಫೋಕ್ ಸದರ್ನ್ ಸೇರ್ತವಂತೆ, ಏನಾಗುತ್ತೆ?

2025ರ ಜುಲೈನಲ್ಲಿ ಘೋಷಣೆ ಆಯ್ತು, 8,500 ಕೋಟಿ ಡಾಲರ್ ಡೀಲ್. ಒಪ್ಪಿಗೆ ಸಿಕ್ರೆ ಪೂರ್ವ ಕಡಲಿಂದ ಪಶ್ಚಿಮ ಕಡಲಿನ ತನಕ ಒಂದೇ ಕಂಪನಿಯ ಹಳಿ. ನಿರ್ಧಾರ ಮಾಡೋದು ಆಂಟಿಟ್ರಸ್ಟ್ ಕೋರ್ಟಲ್ಲ, ಎಸ್‌ಟಿಬಿ. ಮಾಲು ಬದಲಾಯಿಸೋ ಕಿರಿಕಿರಿ ತಪ್ಪಿ ಬೇಗ ತಲುಪುತ್ತೆ ಅಂತ ಕಂಪನಿಗಳು ಹೇಳ್ತವೆ, ಅದ್ರಲ್ಲಿ ಸ್ವಲ್ಪ ನಿಜ ಇದೆ. 2023ರಲ್ಲಿ ಕೆನಡಿಯನ್ ಪೆಸಿಫಿಕ್ ಮತ್ತೆ ಕಾನ್ಸಾಸ್ ಸಿಟಿ ಸದರ್ನ್ ಸೇರಿದ್ಮೇಲೆ ದೊಡ್ಡ ಕಂಪನಿಗಳು ಆರೇ ಉಳಿದಿವೆ, ಇದೂ ಆದ್ರೆ ಐದು, ಅದಕ್ಕೆ ಉತ್ತರವಾಗಿ ಉಳಿದವೂ ಜೋಡಿ ಹುಡುಕೋದು ಖಂಡಿತ ಅಂತ ನನ್ನ ಅನಿಸಿಕೆ.

ನಮ್ಮಲ್ಲಿ ರೈಲ್ವೆ ಮೇಲೆ ಇಂಥ ಕೇಸ್ ಹಾಕ್ಬೋದಾ?

ಇಲ್ಲಿ ರೈಲು ಸರ್ಕಾರದ್ದು, ಸರಕು ದರಾನೂ ಅವರೇ ಇಡ್ತಾರೆ, ನಾಲ್ಕು ಕಂಪನಿ ಕೂಟ ಕಟ್ಟೋ ಮಾತಿಲ್ಲ. ಆದ್ರೂ ರೈಲ್ವೆ ಸ್ಪರ್ಧಾ ಕಾನೂನಿನಡಿ ಬರುತ್ತೆ ಅಂತ 2012ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ರೈಲ್ವೆಗೇ ಬ್ರೇಕ್ ಬ್ಲಾಕ್ ಮಾರೋ ಕಂಪನಿಗಳು ಟೆಂಡರಲ್ಲಿ ಕೂಟ ಕಟ್ಟಿದ್ದನ್ನ ಭಾರತೀಯ ಸ್ಪರ್ಧಾ ಆಯೋಗ (ಸಿಸಿಐ) 2020ರಲ್ಲಿ ಹಿಡಿದಿದೆ.

ಕರ್ನಾಟಕದ ಎಪಿಎಂಸಿಲಿ ವ್ಯಾಪಾರಿಗಳು ಮಾತಾಡ್ಕೊಂಡು ಕಡಿಮೆ ಕೂಗಿದ್ರೆ?

ಅದೂ ಕಾರ್ಟೆಲ್ಲೇ (ರೇಟ್ ಹೊಂದಿಸ್ಕೊಳ್ಳೋ ಕೂಟ), 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಕೆಳಗೆ ಬರುತ್ತೆ. ಈರುಳ್ಳಿ ಮಾರ್ಕೆಟ್ ಬಗ್ಗೆ ಸಿಸಿಐಗೋಸ್ಕರ ಬೆಂಗಳೂರಿನ ಐಸೆಕ್ ಸಂಸ್ಥೆ ಮಹಾರಾಷ್ಟ್ರ, ಕರ್ನಾಟಕದ ಮಾರುಕಟ್ಟೆಗಳನ್ನ ಅಧ್ಯಯನ ಮಾಡಿ 2012ರಲ್ಲಿ ರಿಪೋರ್ಟ್ ಕೊಟ್ಟಿತ್ತು, ಒಬ್ಬನೇ ವ್ಯಾಪಾರಿ ಕಮಿಷನ್ ಏಜೆಂಟೂ ಆಗಿ, ಗೋದಾಮೂ ಇಟ್ಕೊಂಡು, ಸಾಗಣೆನೂ ಮಾಡೋ ಸಮಸ್ಯೆ ಅದ್ರಲ್ಲಿ ಬಂದಿದೆ. ಚಿಕಾಗೋದ ಗೋದಾಮಿಗೂ ಇದಕ್ಕೂ ದೂರ ಜಾಸ್ತಿ ಇಲ್ಲ.

ಡೌಟ್ ಬಂದ್ರೆ ಏನ್ ಮಾಡ್ಬೇಕು?

ಪಟ್ಟಿ, ಬಿಲ್ಲು, ಹರಾಜಿನ ರೇಟ್, ದಿನಾಂಕ ಎಲ್ಲ ಜೋಪಾನ ಮಾಡಿ. ಯಾರು ಯಾರು ಕೂಗಿದ್ರು, ಯಾರು ಸುಮ್ನಿದ್ರು ಅಂತ ಅವತ್ತವತ್ತೇ ಬರೆದಿಡಿ, ಒಂದೇ ದಿನದ್ದು ಸಾಲಲ್ಲ, ತಿಂಗಳುಗಟ್ಟಲೆ ಬೇಕು. ಒಬ್ಬರೇ ಹೋಗೋದಕ್ಕಿಂತ ರೈತ ಸಂಘ ಇಲ್ಲಾ ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಮೂಲಕ ಸಿಸಿಐಗೆ ಮಾಹಿತಿ ಕೊಡೋದು ಒಳ್ಳೇದು. 2023ರ ತಿದ್ದುಪಡಿ ಆದ್ಮೇಲೆ ಮೂರು ವರ್ಷದ ಒಳಗೆ ಕೊಡ್ಬೇಕು ಅನ್ನೋ ಮಿತಿ ಇದೆ, ತಡ ಮಾಡ್ಬೇಡಿ. ಕೂಟದ ಒಳಗಿದ್ದೋನೇ ಮೊದ್ಲು ಬಂದು ಸಾಕ್ಷಿ ಸಮೇತ ಒಪ್ಪಿಸಿದ್ರೆ ದಂಡದಲ್ಲಿ 100% ತನಕ ಮಾಫಿ ಸಿಗ್ಬೋದು. 2021ರ ಬಿಯರ್ ಕೇಸಲ್ಲಿ ಮೊದ್ಲು ಬಂದ ಕಂಪನಿಗೆ ಹಂಗೇ ಆಯ್ತು, ಉಳಿದೋರಿಗೆ 870 ಕೋಟಿ ರೂಪಾಯಿಗೂ ಮೇಲೆ ದಂಡ ಬಿತ್ತು. ಹಂಗಾಗಿ ನಿಮ್ಮೂರಲ್ಲಿ ಅಂಥ ಕೂಟದಿಂದ ಬೇಜಾರಾಗಿ ಹೊರಗೆ ಬರೋಕೆ ನೋಡ್ತಿರೋ ವ್ಯಾಪಾರಿ ಯಾರಾದ್ರೂ ಇದ್ರೆ ಈ ನಿಯಮ ಅವರ ಕಿವಿಗೆ ಹಾಕಿ.